ಟಿ4 ಅಂದರೆ ಯಾವ ಟಿ4?

ರಿಪೋರ್ಟ್‌ನಲ್ಲಿ ಕಂಡ ಕೋಡನ್ನು ಇಂಟರ್‌ನೆಟ್‌ನಲ್ಲಿ ಸುಮ್ನೆ ಹಾಗೇ ಹುಡುಕಬೇಡಿ, ಜೊತೆಗೆ ಅದು ಯಾವ ವಿಷಯದ್ದು ಅಂತ ಒಂದು ಪದ ಸೇರಿಸಿ. ಟಿ4 ನೋಡಿ. ರಕ್ತ ಪರೀಕ್ಷೆಯಲ್ಲಿ ಅದು ಥೈರಾಯ್ಡ್ ಹಾರ್ಮೋನು, ಬೆನ್ನಿನ ಎಂಆರ್‌ಐನಲ್ಲಿ ಎದೆಭಾಗದ ನಾಲ್ಕನೇ ಬೆನ್ನುಮೂಳೆ, ಕ್ಯಾನ್ಸರ್ ರಿಪೋರ್ಟ್‌ನಲ್ಲಿ ಗೆಡ್ಡೆ ಎಷ್ಟು ಬೆಳೆದಿದೆ ಎನ್ನುವ ಹಂತ. ಥೈರಾಯ್ಡ್ ಟೆಸ್ಟ್ ಮಾಡಿಸಿದವರು ಮೂರನೆಯದನ್ನು ಓದಿಕೊಂಡು ರಾತ್ರಿಯಿಡೀ ಹೆದರಿದರೆ ಕಷ್ಟ ಅಲ್ವಾ! ಟ್ಯೂಬ್‌ಲೈಟ್ ಮೇಲಿದ್ದರೆ ಬರೀ ದಪ್ಪದ ಅಳತೆ, ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ನಾಲ್ಕು, ಅಂದರೆ ಅರ್ಧ ಇಂಚು.

ಆಸ್ಪತ್ರೆ ಅಥವಾ ವಿಮೆ ಕಾಗದದಲ್ಲಿ ಐ10, ಇ11 ಥರ ಕಂಡರೆ ಅವು ಹೆಚ್ಚಾಗಿ ಐಸಿಡಿ-10 ರೋಗಪಟ್ಟಿಯ ಕೋಡ್‌ಗಳು. ಮೊದಲನೆಯದು ಅಧಿಕ ರಕ್ತದೊತ್ತಡ, ಎರಡನೆಯದು ಟೈಪ್ 2 ಸಕ್ಕರೆ ಕಾಯಿಲೆ. ಕಾರಿನ ದೋಷ ಪತ್ತೆ ಮಾಡುವ ಸ್ಕ್ಯಾನರ್ ಪಿ0300 ತೋರಿಸಿದರೆ ಎಂಜಿನ್ ಮಿಸ್‌ಫೈರ್, ಅಂದರೆ ಎಂಜಿನ್‌ನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಅಲ್ಲಿ ಪಿ ಆದಮೇಲೆ ಇರುವುದು ಸೊನ್ನೆ, ಓ ಅಕ್ಷರ ಅಲ್ಲ.