ರಾಮನವಮಿ ಪೆಂಡಾಲಿನಲ್ಲಿ ಉಕ್ರೇನಿನ ಹಕ್ಕಿ ಹಾಡು: ಹಾಡಿಸುವುದು ಹೇಗೆ?

ಕೋಲಾರದ ಗೌರಿಪೇಟೆಯಲ್ಲಿ ಮನೆಯಲ್ಲೇ ಸಂಗೀತ ಪಾಠ ಹೇಳಿಕೊಡುತ್ತೇನೆ. ನಮ್ಮ ಬೀದಿಯ ರಾಮನವಮಿ ಕಚೇರಿಗಳಲ್ಲಿ ಪ್ರತಿ ವರ್ಷ ಒಂದು ಸಂಜೆ ನನ್ನ ಮಕ್ಕಳದ್ದು. 2022ರಲ್ಲಿ ಆ ಸಂಜೆ ಉಕ್ರೇನಿನ ಒಂದು ಹಾಡು ಹಾಡಿಸಿದೆ. ಆಮೇಲೆ ಬಂಗಾರಪೇಟೆ, ಮುಳಬಾಗಿಲು ಕಡೆಯಿಂದ ಒಂದಿಬ್ಬರು ಟೀಚರುಗಳು "ನಮಗೂ ಹೇಳಿಕೊಡಿ" ಅಂತ ಫೋನ್ ಮಾಡಿದರು. ಫೋನಿನಲ್ಲಿ ತಾಳ ಹಾಕಿ ತೋರಿಸುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಎದುರುಮನೆ ಹುಡುಗಿ ಉಕ್ರೇನಿನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಳು. ಫೆಬ್ರವರಿ 24ಕ್ಕೆ ರಷ್ಯಾ ದಾಳಿ ಶುರುವಾಯಿತು. ಮಾರ್ಚ್ 1ಕ್ಕೆ ಅದೇ ಊರಿನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಇವಳು ಹೇಗೋ ಗಡಿ ದಾಟಿ ಮನೆಗೆ ಬಂದಳು. ಬೀದಿಯವರೆಲ್ಲ ನೋಡಲು ಹೋದರೆ, ಅವಳು ಫೋನಿಂದ ತಲೆಯೇ ಎತ್ತುತ್ತಿರಲಿಲ್ಲ. ಅವಳು ಬಾಡಿಗೆಗಿದ್ದ ಮನೆಯ ಅಜ್ಜಿ ಇನ್ನೂ ಅಲ್ಲೇ ಇದ್ದರು, ನೆಲಮಾಳಿಗೆಯಲ್ಲಿ.

ಮೊದಲ ಕೆಲಸ ಹಾಡು ಆರಿಸುವುದು. ಇಲ್ಲೇ ನಾನು ಎಡವಿದ್ದು. ಎಲ್ಲೋ ಕೇಳಿದ್ದ 'ಕಲಿಂಕಾ' ಚೆನ್ನಾಗಿದೆ ಅಂತ ಮಕ್ಕಳಿಗೆ ಎರಡು ದಿನ ಪಾಠ ಮಾಡಿದೆ. ಬಾಗಿಲಲ್ಲಿ ನಿಂತು ಕೇಳಿದ ಹುಡುಗಿ, "ಮಿಸ್, ಇದು ರಷ್ಯಾದ ಹಾಡು" ಅಂದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹಾಡು ಯಾವ ಭಾಷೆಯದು ಅಂತ ತಿಳಿದವರ ಹತ್ತಿರ ಕೇಳದೆ ಶುರು ಮಾಡಲೇಬೇಡಿ. ರಾಷ್ಟ್ರಗೀತೆಯ ತಂಟೆಗೂ ಹೋಗಬೇಡಿ. ಪಾನಕದ ಲೋಟ ಹಿಡಿದು ಓಡಾಡುವ ಜನರ ನಡುವೆ ಅದನ್ನು ಹಾಡಿಸಿದರೆ ಯಾರಿಗೆ ಮರ್ಯಾದೆ?

ಕೊನೆಗೆ ಹುಡುಗಿಯೇ ಹೇಳಿದ್ದು 'ಶ್ಚೆದ್ರಿಕ್'. ಅಲ್ಲಿನ ಜಾನಪದ ಧಾಟಿ ಹಿಡಿದು ಮಿಕೋಲಾ ಲಿಯೊಂತೊವಿಚ್ ಕೂಡಿಸಿದ ವೃಂದಗಾನ. 1916ರಲ್ಲಿ ಕೀವ್‌ನಲ್ಲಿ ಮೊದಲು ಹಾಡಿದರು. 1921ರ ಜನವರಿಯಲ್ಲಿ ಸೋವಿಯತ್ ಗುಪ್ತಚರನೊಬ್ಬ ಈ ಲಿಯೊಂತೊವಿಚ್ ಅವರನ್ನು ಗುಂಡಿಟ್ಟು ಕೊಂದ. ಮರುವರ್ಷ ಉಕ್ರೇನಿನ ಗಾಯಕರ ತಂಡ ಅದೇ ಹಾಡನ್ನು ನ್ಯೂಯಾರ್ಕಿನಲ್ಲಿ ಹಾಡಿತು. ಈಗ ಲೋಕವೆಲ್ಲ ಅದನ್ನು 'ಕ್ಯಾರಲ್ ಆಫ್ ದ ಬೆಲ್ಸ್' (ಗಂಟೆಗಳ ಹಾಡು) ಅನ್ನುವ ಇಂಗ್ಲಿಷ್ ಕ್ರಿಸ್‌ಮಸ್ ಹಾಡು ಅಂದುಕೊಂಡಿದೆ. ಮೂಲದಲ್ಲಿ ಕ್ರಿಸ್‌ಮಸ್ಸೂ ಇಲ್ಲ, ಗಂಟೆಯೂ ಇಲ್ಲ. ಕವಲು ಬಾಲದ ಪುಟ್ಟ ಹಕ್ಕಿಯೊಂದು ಮನೆಗೆ ಹಾರಿ ಬಂದು ಯಜಮಾನನನ್ನು ಕರೆದು, ಕೊಟ್ಟಿಗೆ ನೋಡು, ಕುರಿ ಮರಿ ಹಾಕಿದೆ ಅನ್ನುತ್ತದೆ. ಹೊಸ ವರ್ಷಕ್ಕೆ ಒಳ್ಳೆಯದಾಗಲಿ ಅನ್ನುವ ಹಾಡು. ನಮಗೆ ಆಗ ತಾನೇ ಯುಗಾದಿ ಮುಗಿದಿತ್ತು. ಕುರಿ ಅಂದರೆ ಕೋಲಾರದವರಿಗೆ ಬಿಡಿಸಿ ಹೇಳಬೇಕೇ?

ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ತ್ಯಾಗರಾಜರ ತೆಲುಗು ಕೀರ್ತನೆಗಳನ್ನು ಹಾಗೇ ತಾನೇ ಕಲಿಯುವುದು? ಆದರೆ ಕಾಗದ ನೋಡಿ ಉಚ್ಚಾರ ಬರುವುದಿಲ್ಲ, ಅಲ್ಲಿಯವರ ಬಾಯಿಂದ ಕೇಳಬೇಕು. ಅಜ್ಜಿ ಸಾಲು ಸಾಲಾಗಿ ನಿಧಾನವಾಗಿ ಓದಿ ಟೆಲಿಗ್ರಾಂನಲ್ಲಿ ದನಿ ಕಳಿಸಿದರು. ನಮ್ಮ ಮಕ್ಕಳು 'ಚೆದ್ರಿಕ್' ಅಂತಲೇ ಹಟ ಹಿಡಿದಿದ್ದರು. "ನಿಶ್ಚಯ ಅನ್ನಿ, ಈಗ 'ನಿ' ಬಿಟ್ಟು ಅನ್ನಿ" ಅಂದೆ. ಶ್ಚ ತಾನಾಗಿ ಬಂತು.

ಇನ್ನು ಸ್ವರ. ಇಡೀ ಹಾಡು ನಿಂತಿರುವುದು ನಾಲ್ಕು ಅಕ್ಷರದ ಮೇಲೆ: ಗರಿಗಸ. ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ. ಸರಳೆ ಮುಗಿಸಿದ ಮಗುವೂ ಹಾಡುತ್ತದೆ. ತೊಂದರೆ ಇರುವುದು ಲಯದಲ್ಲಿ. ನಾಲ್ಕು ಅಕ್ಷರ ಕಂಡ ಕೂಡಲೇ ಮಕ್ಕಳ ಕೈ ಆದಿತಾಳಕ್ಕೆ ಓಡುತ್ತದೆ. ಇದು ಮೂರರ ನಡೆ. ಮೊದಲ ಏಟಿಗೆ 'ಗಾ', ಎರಡನೆಯದಕ್ಕೆ 'ರಿಗ', ಮೂರನೆಯದಕ್ಕೆ 'ಸಾ'. ಒಂದು ವಾರ ಸಾಹಿತ್ಯ ಮುಟ್ಟಿಸದೆ ಬರೀ 'ಗಾ ರಿಗ ಸಾ' ಹಾಡಿಸಿ. ಮೃದಂಗದವರಿಗೂ ಮೊದಲೇ ಹೇಳಿಡಿ, ಇಲ್ಲವಾದರೆ ವೇದಿಕೆ ಮೇಲೆ ಜಗಳ.

ಇದು ಕುದುರಿದ ಮೇಲೆ ದೊಡ್ಡ ಮಕ್ಕಳ ಗುಂಪಿಗೆ ಕೆಳಗಿನ ಸಾಲು ಕೊಡಿ: ಸಾ, ನೀ, ದಾ, ಪಾ, ಒಂದು ಆವರ್ತಕ್ಕೆ ಒಂದೇ ಸ್ವರ. ಮೇಲೆ ಚಿಕ್ಕವರು ಹಕ್ಕಿಯ ಹಾಗೆ ಗರಿಗಸ ಕೊಚ್ಚುತ್ತಿದ್ದರೆ ಕೆಳಗೆ ಇದು ಮೆಟ್ಟಿಲಿಳಿಯುತ್ತದೆ. ಮೊದಲ ಸಲ ಎರಡೂ ಕೂಡಿದಾಗ ನನ್ನ ಮೈ ಜುಂ ಅಂದಿತು. ಇಲ್ಲಿ ಇಳಿಯುವುದು ಕೈಶಿಕಿ ನಿಷಾದ, ಅಂದರೆ ತಗ್ಗಿನ 'ನಿ'; ಮುಂದೆ ಹತ್ತುವ ಕಡೆ ಕಾಕಲಿ, ಅಂದರೆ ಎತ್ತರದ 'ನಿ' ಬರುತ್ತದೆ. "ಇದು ಯಾವ ರಾಗ?" ಅಂತ ತಲೆ ಕೆಡಿಸಿಕೊಂಡು ಒಂದೇ ಮೇಳಕ್ಕೆ ಕಟ್ಟಿಹಾಕಬೇಡಿ. ಗಮಕವನ್ನೂ ಬಿಡಿ. ಸ್ವರ ನೇರ ನಿಲ್ಲಲಿ. ನಾಲ್ಕು ದನಿಯಲ್ಲಿ ಪೂರ್ತಿ ಹಾಡಿಸುವ ಆಸೆಯಿದ್ದರೆ ಕೆಜಿಎಫ್ ಚರ್ಚುಗಳ ಕ್ವಾಯರ್‌ನವರನ್ನು ಕೇಳಿ. ಈ ವಿದ್ಯೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ದೊಡ್ಡ ಉತ್ಸವಗಳಿಂದ ಕಲಿಯುವುದೂ ಇದೆ. 2022ರ ಜೂನ್‌ನಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅಧ್ಯಕ್ಷ ಝೆಲೆನ್ಸ್ಕಿಯ ವಿಡಿಯೋ ಮಾತು ಕೇಳಿಸಿದರು. ಮೇ ತಿಂಗಳಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದಿದ್ದ ಉಕ್ರೇನಿನ ಕಲುಶ್ ಆರ್ಕೆಸ್ಟ್ರಾ ಅಲ್ಲಿ ಹಾಡಿತು. ಜುಲೈ 31ಕ್ಕೆ ಲಂಡನ್ನಿನ ಸಂಗೀತೋತ್ಸವ ಪ್ರಾಮ್ಸ್‌ನಲ್ಲಿ ಉಕ್ರೇನಿಯನ್ ಫ್ರೀಡಂ ಆರ್ಕೆಸ್ಟ್ರಾ ನುಡಿಸಿತು. ಅದರಲ್ಲಿದ್ದ ಸೇನಾ ವಯಸ್ಸಿನ ಗಂಡಸರಿಗೆ ದೇಶ ಬಿಡಲು ವಿಶೇಷ ಅನುಮತಿ ಸಿಕ್ಕಿತ್ತು. ನನಗೆ ಹಿಡಿಸಿದ್ದು ಇದು: ಅವರ ಬಗ್ಗೆ ಇವರು ಮಾತಾಡಲಿಲ್ಲ, ಅವರಿಗೇ ಮೈಕು ಕೊಟ್ಟರು. ಕೋಲಾರಕ್ಕೆ ಉಕ್ರೇನಿನವರನ್ನು ಎಲ್ಲಿಂದ ಕರೆತರೋಣ? ನಾವು ಹಾಡಿಗೆ ಮೊದಲು ಅಜ್ಜಿಯ ದನಿಯನ್ನೇ ಸ್ಪೀಕರಿನಲ್ಲಿ ಹಾಕಿದೆವು. ಅರ್ಧ ನಿಮಿಷ ಅಷ್ಟೇ. ಆಮೇಲೆ ಎದುರುಮನೆ ಹುಡುಗಿ ಹಾಡಿನ ಅರ್ಥ ಕನ್ನಡದಲ್ಲಿ ಹೇಳಿದಳು. ಭಾಷಣಕ್ಕೆ ಯಾರನ್ನೂ ಕರೆಯಬೇಡಿ. ಒಬ್ಬರನ್ನು ಕರೆದರೆ ನಾಲ್ಕು ಜನ ಬರುತ್ತಾರೆ.

ಕಚೇರಿಯಲ್ಲಿ ಈ ಹಾಡು ಮಂಗಳ ಹಾಡಿದ ಮೇಲೆ ಬೇಡ, ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಕೋಸಂಬರಿ ಹಂಚುವಾಗಲಂತೂ ಬೇಡವೇ ಬೇಡ. ದೊಡ್ಡ ಕೀರ್ತನೆ ಮುಗಿದು ದೇವರನಾಮಗಳು ಶುರುವಾಗುವ ಮುಂಚೆ ಇಡಿ.

ಬಾವುಟದ ಬಣ್ಣದ ಬಟ್ಟೆ ಕಟ್ಟಿಸಿದರೆ ನೀಲಿ ಮೇಲೆ, ಹಳದಿ ಕೆಳಗೆ. ಪೆಂಡಾಲಿನವನು ಕನ್ನಡ ಬಾವುಟದ ಅಭ್ಯಾಸದಲ್ಲಿ ಹಳದಿಯನ್ನು ಮೇಲೆ ಕಟ್ಟಿಬಿಟ್ಟಿದ್ದ. ಏಣಿ ಹಾಕಿ ಬಿಚ್ಚಿಸಿ ಮತ್ತೆ ಕಟ್ಟಿಸಿದ್ದಾಯಿತು.

ಹುಂಡಿ ಇಡಬೇಡಿ. ಬೀದಿಯಲ್ಲಿ ಎತ್ತಿದ ದುಡ್ಡನ್ನು ಹೊರದೇಶಕ್ಕೆ ಕಳಿಸುವುದು ಸಣ್ಣ ತಲೆನೋವಲ್ಲ, ಸುಮ್ನೆ ಮಾತು ಬರುತ್ತದೆ. ಕೊಡುವ ಮನಸ್ಸಿದ್ದವರು ಯುನಿಸೆಫ್‌ನಂಥ ಸಂಸ್ಥೆಗೆ ತಾವೇ ಕಟ್ಟಿ ರಸೀದಿ ಇಟ್ಟುಕೊಳ್ಳಲಿ.

ಹಾಡಿದ್ದನ್ನು ರೆಕಾರ್ಡ್ ಮಾಡಿ, ಕಲಿಸಿದವರಿಗೆ ವಾಪಸ್ ಕಳಿಸಿ. ಇದನ್ನು ಮಾತ್ರ ಮರೆಯಬೇಡಿ. ನಾವು ಅದೇ ರಾತ್ರಿ ಕಳಿಸಿದೆವು. ಮೂರು ದಿನ ಉತ್ತರವಿಲ್ಲ. ಹುಡುಗಿ ಊಟ ಬಿಟ್ಟಳು. ನಾಲ್ಕನೇ ದಿನ ಅಜ್ಜಿಯ ದನಿ ಬಂತು. ಹುಡುಗಿ ಕೇಳಿ ನಗುತ್ತಾ ಕನ್ನಡಕ್ಕೆ ಹೇಳಿದಳು: "ಮಿಸ್, ಎಲ್ಲ ಚೆನ್ನಾಗಿದೆಯಂತೆ. ಆದರೆ ಹಿಂದಿನ ಸಾಲಿನ ಹುಡುಗ ಇನ್ನೂ 'ಚೆದ್ರಿಕ್' ಅಂತಲೇ ಹಾಡ್ತಿದ್ದಾನಂತೆ."