ಫಾರ್ಮಲ್ ಶೂ ಕೊಳ್ಳುವ ಮುನ್ನ ಅಟ್ಟೆಯನ್ನು ನೋಡಿ

ಪುರುಷರ ಫಾರ್ಮಲ್ ಶೂ ಕೊಳ್ಳುವಾಗ ಹೆಚ್ಚಿನವರ ಕಣ್ಣು ಮೊದಲು ಹೊಳಪಿನ ಮೇಲೆ ಬೀಳುತ್ತದೆ. ದಯವಿಟ್ಟು ಶೂವನ್ನು ಮಗುಚಿ ಅಟ್ಟೆಯನ್ನು ಪರೀಕ್ಷಿಸಿ, ಏಕೆಂದರೆ ಅದನ್ನು ಮೇಲಿನ ಚರ್ಮಕ್ಕೆ ಹೇಗೆ ಜೋಡಿಸಲಾಗಿದೆ ಎಂಬುದೇ ಶೂವಿನ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಬರೀ ಅಂಟಿನಿಂದ ಕೂರಿಸಿದ ಅಟ್ಟೆ ಸವೆದರೆ ಅದನ್ನು ಬದಲಿಸುವುದು ಸಾಮಾನ್ಯವಾಗಿ ಕಷ್ಟ. ಗುಡ್‌ಇಯರ್ ವೆಲ್ಟ್ ವಿಧಾನದಲ್ಲಾದರೆ, ಮೇಲ್ಭಾಗಕ್ಕೆ ಹೊಲಿದ ಪಟ್ಟಿಯೊಂದಕ್ಕೆ ಅಟ್ಟೆಯನ್ನು ಪ್ರತ್ಯೇಕವಾಗಿ ಹೊಲಿದಿರುವುದರಿಂದ, ಮೇಲಿನ ಚರ್ಮಕ್ಕೆ ಧಕ್ಕೆಯಾಗದಂತೆ ಹಳೆಯದನ್ನು ಬಿಚ್ಚಿ ಹೊಸ ಅಟ್ಟೆ ಹಾಕಿಸಬಹುದು. ಬ್ಲೇಕ್ ಹೊಲಿಗೆಯ, ಅಂದರೆ ಅಟ್ಟೆಯನ್ನು ಶೂವಿನ ಒಳತಳಕ್ಕೆ ನೇರವಾಗಿ ಹೊಲಿದ ಶೂಗಳು ಹಗುರ ಮತ್ತು ಮೃದು. ಆದರೆ ಹೊಲಿಗೆ ಒಳಗಿನವರೆಗೂ ಹಾದುಹೋಗುವುದರಿಂದ ಮಳೆಯಲ್ಲಿ ನೀರು ಜಿನುಗಬಹುದು. ಅಂಚಿನಲ್ಲಿ ದಾರ ಕಂಡ ಮಾತ್ರಕ್ಕೆ ನಂಬಬೇಡಿ, ಕೆಲವು ಅಂಟಿನ ಶೂಗಳಲ್ಲಿ ಅದು ಕೇವಲ ಅಲಂಕಾರವಾಗಿರುತ್ತದೆ.

ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಸಣ್ಣ ನೆರಿಗೆಗಳು ಮೂಡಿ ಮಾಯವಾದರೆ ಅದು ಒಳ್ಳೆಯ ಲಕ್ಷಣ. ಕನ್ನಡಿಯಂತೆ ಏಕರೂಪವಾಗಿ ಹೊಳೆಯುವ ಚರ್ಮದ ಮೇಲೆ ಹಲವು ಬಾರಿ ದಪ್ಪ ಪ್ಲಾಸ್ಟಿಕ್ ಲೇಪವಿರುತ್ತದೆ; ನಡೆಯುವಾಗ ಮಡಚುವ ಜಾಗದಲ್ಲಿ ಅದು ಕ್ರಮೇಣ ಬಿರಿಯುತ್ತದೆ, ಪಾಲಿಶ್‌ನಿಂದಲೂ ಸರಿಹೋಗುವುದಿಲ್ಲ. ಹಿಮ್ಮಡಿಯನ್ನು ಹಿಡಿಯುವ ಹಿಂಭಾಗ ಒತ್ತಿದರೆ ಕುಸಿಯದಂತೆ ಗಟ್ಟಿಯಾಗಿರಬೇಕು, ಒಳಪದರವೂ ಚರ್ಮದ್ದೇ ಆಗಿದ್ದರೆ ಬೆವರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.