ಕರಾವಳಿಯಲ್ಲಿ ಬಾಡಿಗೆ ದಾಸ್ತಾನು ಕೊಠಡಿಗಳಿಗೆ ಉಕ್ಕಿನ ಸಿದ್ಧಕಟ್ಟಡ

ವರ್ಗಾವಣೆಯಾಗಿ ಕೈಗಾಕ್ಕೋ ಕಾರವಾರದ ನೌಕಾನೆಲೆಗೋ ಬಂದುಹೋಗುವ ಕುಟುಂಬಗಳು, ಶಾಮಿಯಾನದವರು, ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಬಲೆಗಳಿಗೆ ಜಾಗ ಹುಡುಕುವವರು, ಇವರನ್ನೆಲ್ಲ ನಂಬಿ ದಾಸ್ತಾನು ಕೊಠಡಿಗಳನ್ನು ಕಟ್ಟಿ ಬಾಡಿಗೆಗೆ ಕೊಡಬಹುದು. ಕಾರ್ಖಾನೆಯಲ್ಲಿ ತಯಾರಾಗಿ ಬಂದ ಚೌಕಟ್ಟನ್ನು ಬೋಲ್ಟುಗಳಿಂದ ಜೋಡಿಸುವ ಉಕ್ಕಿನ ಕಟ್ಟಡ ಈ ಕೆಲಸಕ್ಕೆ ಒಪ್ಪುತ್ತದೆ. ಆದರೆ ಒಳನಾಡಿಗೆಂದು ಬರೆದ ದರಪಟ್ಟಿಯನ್ನು ಕಾರವಾರದಲ್ಲಿ ಹಾಗೆಯೇ ಒಪ್ಪಿಕೊಳ್ಳಬಾರದು. ಇಲ್ಲಿ ಕಟ್ಟಡದ ಆಯುಷ್ಯವನ್ನು ನಿರ್ಧರಿಸುವುದು ಉಪ್ಪುಗಾಳಿ.

ಜಾಗ ಕೃಷಿ ಜಮೀನಾಗಿದ್ದರೆ ಮೊದಲು ಭೂಪರಿವರ್ತನೆ ಆಗಬೇಕು, ಸಮುದ್ರಕ್ಕೋ ಅಳಿವೆಗೋ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆಯನ್ನೂ ನೋಡಬೇಕು. ಗುಡ್ಡ ಕಡಿದು ಸಪಾಟು ಮಾಡಿದ ಜಾಗವನ್ನು ನಾನಂತೂ ಬೇಡವೆನ್ನುತ್ತೇನೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆ ನಮ್ಮದು. ನೆಲಗಟ್ಟನ್ನು ರಸ್ತೆಗಿಂತ, ಹಿಂದೆ ನೀರು ನಿಂತ ಮಟ್ಟಕ್ಕಿಂತ ಎತ್ತರಿಸಿ, ಕಾಂಕ್ರೀಟಿನಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ನೆಲದಿಂದ ತೇವ ಏರುವುದಿಲ್ಲ.

ಹಣವನ್ನು ಧಾರಾಳವಾಗಿ ಹಾಕಬೇಕಾದದ್ದು ಲೇಪನಕ್ಕೆ. ಕಂಬ ತೊಲೆಗಳು ಬಿಸಿ ಸತುವಿನಲ್ಲಿ ಅದ್ದಿ ತೆಗೆದವಾಗಿರಲಿ. ಬರಿಯ ರೆಡ್ ಆಕ್ಸೈಡ್ ಬಳಿದದ್ದು ಸಾಲದು. ಚಾವಣಿಗೆ, ಶೇಕಡಾ 55ರಷ್ಟು ಅಲ್ಯೂಮಿನಿಯಂ ಇರುವ ಸತು ಮಿಶ್ರಲೇಪನದ ಮೇಲೆ ಬಣ್ಣ ಹಚ್ಚಿದ ಶೀಟು ಬೇಕು, ಪ್ರತಿ ಚದರ ಮೀಟರಿಗೆ 150 ಗ್ರಾಂ ಲೇಪನವೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಈ ಶೀಟು ಹಸಿ ಕಾಂಕ್ರೀಟಿಗೆ ತಾಗಬಾರದು. ತಿರುಗುವ ಕಟಿಂಗ್ ಚಕ್ರದಿಂದ ಕತ್ತರಿಸಿದರೆ ಅಂಚಿನ ಲೇಪನ ಸುಟ್ಟುಹೋಗುತ್ತದೆ, ಚೂರುಗಳು ಶೀಟಿನ ಮೇಲೆಯೇ ತುಕ್ಕು ಹಿಡಿಯುತ್ತವೆ. ಆದ್ದರಿಂದ ಕತ್ತರಿಯಿಂದ ಕತ್ತರಿಸಿ, ಅಂದೇ ಗುಡಿಸಿ ತೆಗೆಯಬೇಕು. ಇನ್ನೊಂದು ವಿಷಯ ಅನೇಕರಿಗೆ ಹೊಳೆಯುವುದಿಲ್ಲ: ಚಾವಣಿಯ ಉಪ್ಪನ್ನು ಮಳೆ ತೊಳೆಯುತ್ತದೆ, ಆದರೆ ಸೂರಿನ ಕೆಳಗಿನ ಗೋಡೆಗೆ ಮಳೆ ತಾಗುವುದೇ ಇಲ್ಲ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಬೇಸಿಗೆಯಲ್ಲಿ ಆ ಭಾಗವನ್ನು ಸಿಹಿನೀರಿನಿಂದ ತೊಳೆಯುತ್ತಿರಬೇಕು.

ಗಾಳಿಯ ಲೆಕ್ಕವನ್ನು, ಕಟ್ಟಡದ ಮೇಲಿನ ಹೊರೆಗಳ ಭಾರತೀಯ ಮಾನದಂಡವಾದ ಐಎಸ್ 875ರ ಮೂರನೆಯ ಭಾಗದಂತೆ ಎಂಜಿನಿಯರ್ ಮಾಡಿಕೊಡಬೇಕು. ಶಟರ್ ತೆರೆದಿದ್ದಾಗ ಒಳಗೆ ನುಗ್ಗುವ ಗಾಳಿ ಚಾವಣಿಯನ್ನು ಮೇಲಕ್ಕೆತ್ತುತ್ತದೆಯಾದ್ದರಿಂದ, ಬಾಗಿಲು ತೆರೆದ ಸ್ಥಿತಿಯನ್ನೂ ಲೆಕ್ಕಕ್ಕೆ ಸೇರಿಸಿದ್ದಾರೆಯೇ ಎಂದು ಕೇಳಿ. ಮಳೆಗೆ ಮುಂಚೆ ಕೆಲಸ ಮುಗಿಯಬೇಕಾದರೆ ಅಡಿಪಾಯವನ್ನು ದೀಪಾವಳಿಯ ಹೊತ್ತಿಗೆ ಹಿಡಿಯುವುದು ಒಳ್ಳೆಯದು.

ಆಷಾಢದಲ್ಲಿ ಶೀಟಿನ ಒಳಮೈ ಬೆವರಿ ಹನಿ ಬೀಳುತ್ತದೆ, ಬಾಡಿಗೆದಾರರ ಹಾಸಿಗೆಗೆ, ಪುಸ್ತಕಗಳಿಗೆ ಬೂಸ್ಟು ಹಿಡಿಯುತ್ತದೆ. ಚಾವಣಿಯ ಕೆಳಗೆ ಶಾಖನಿರೋಧಕ ಹೊದಿಕೆ ಹಾಕಿಸಿ, ಕೊಠಡಿಗಳ ನಡುವಿನ ಗೋಡೆಯನ್ನು ಮೇಲ್ತುದಿಯವರೆಗೆ ಮುಚ್ಚದೆ ಕೊನೆಯ ಭಾಗಕ್ಕೆ ಜಾಲರಿ ಕೊಟ್ಟರೆ ಗಾಳಿಯಾಡುತ್ತದೆ. ಕರಾರುಪತ್ರದಲ್ಲಿ ಪೆಟ್ರೋಲು, ಗ್ಯಾಸ್ ಸಿಲಿಂಡರುಗಳ ಜೊತೆಗೆ ಒದ್ದೆ ಬಲೆಯನ್ನೂ ನಿಷೇಧಿಸಬೇಕು. ಸಿಹಿನೀರಿನಲ್ಲಿ ತೊಳೆದು ಒಣಗಿಸಿದ ಬಲೆಯನ್ನು ಮಾತ್ರ ಒಳಗೆ ಬಿಡಿ, ಯಾಕೆಂದರೆ ಹೊರಗಿನ ಉಪ್ಪಿಗೆ ಲೇಪನ ಹಾಕಿಸಿದ ಕಟ್ಟಡಕ್ಕೆ ಒಳಗಿನಿಂದ ಉಪ್ಪು ತರುವುದು ಅದೇ.